ಬೆರಳಚ್ಚು ತಗೊಂಡು ಹುಡುಗನ ಬ್ರೇನ್ ಓದ್ತೀವಿ ಅಂದ್ರು: ಕಲಬುರಗಿದಾಗ ಮಾಡ್ಸಿದ ಡಿಎಂಐಟಿ ಟೆಸ್ಟಿನ ರಿವ್ಯೂ

ರೇಟಿಂಗ್ ಮೊದ್ಲೇ ಹೇಳಿಬಿಡ್ತೀನಿ, ಐದರಾಗ ಒಂದು. ಸೆಂಟರ್ ಹೆಸರು ಬರಿಯಂಗಿಲ್ಲ, ಯಾಕಂದ್ರ ಇದು ಒಂದ್ ಅಂಗಡಿ ಕತಿ ಅಲ್ಲ, ಇಂಥ ಬೋರ್ಡು ಈಗ ಅಲ್ಲೊಂದು ಇಲ್ಲೊಂದು ಕಾಣಸ್ತಾವ, ಮ್ಯಾಗಿನ ಹೆಸರು ಬ್ಯಾರೆ ಇದ್ರೂ ಒಳಗ ಮಾರೋ ಮಾಲು ಒಂದೇ. ಡಿಎಂಐಟಿ, ಅಂದ್ರ ಡರ್ಮಟೋಗ್ಲಿಫಿಕ್ಸ್ ಮಲ್ಟಿಪಲ್ ಇಂಟೆಲಿಜೆನ್ಸ್ ಟೆಸ್ಟ್. ಹತ್ತೂ ಬೆರಳಿನ ಅಚ್ಚು ತಗೊಂಡು ನಿಮ್ಮ ಹುಡುಗನ ಬ್ರೇನ್ ಹೆಂಗದ, ಆರ್ಟ್ಸಾ ಸೈನ್ಸಾ, ಡಾಕ್ಟರಾ ಇಂಜಿನಿಯರಾ, ಅವನಿಗಿ ಸಿಟ್ಟು ಯಾಕ ಬರ್ತದ, ಎಲ್ಲಾ ಹೇಳ್ತೀವಿ ಅಂತಾರ. ಫೀಸು ಆರೂವರಿ ಸಾವಿರ, ಚೌಕಾಶಿ ಮಾಡಿದ್ರ ಐದಕ್ಕ ಬರ್ತಾರ.

ಟೆಸ್ಟ್ ಆಗಿದ್ದು ನಮ್ಮಕ್ಕನ ಮಗಗ. 9ನೇ ಮುಗ್ಸಿ 10ನೇಕ್ಕ ಬಂದಾನ. ನಮ್ ಕಡಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಜಿಲ್ಲಾ ಪಟ್ಟಿ ಕೆಳಗಿನಿಂದ ಓದೋದೇ ರೂಢಿ ಆಗ್ಯದಲ್ಲ, ಹಂಗಾಗಿ 10ನೇ ಅಂದ್ಕೂಡ್ಲೆ ಮನಿ ಮಂದಿಗಿ ಜ್ವರ ಬರ್ತದ. ಹುಡುಗ ರಾತ್ರಿ ಒಂದರ ತನಕ ಮಲಗಂಗಿಲ್ಲ, ಮುಂಜಾನಿ ಐದೂವರಿ ಟ್ಯೂಷನ್‌ಗೆ ಎಬ್ಬಿಸಿದ್ರ ಏಳಂಗಿಲ್ಲ, ಎದ್ರೂ ಅಲ್ಲಿ ಹೋಗಿ ತೂಕಡಸ್ತಾನ, ಏನಾರ ಅಂದ್ರ ಬಾಗಿಲ ಧಡ್ ಅಂತ ಹಾಕ್ತಾನ, ದೋಸ್ತರು ಫೋನ್ ಮಾಡಿದ್ರ ಮಾತ್ರ ಒಂದೇ ಜಿಗಿತಕ್ಕ ಹೊರಗ. ಇದೆಲ್ಲಾ ನೋಡಿ ಅಕ್ಕ ಯಾರೋ ಹೇಳಿದ್ರಂತ ರೊಕ್ಕ ಕಟ್ಟಿ ಬಂದಳು, ಕಟ್ಟಿದ ಮ್ಯಾಲ ನನಗ ಫೋನು, "ನೀ ಕಾಲೇಜಿನ್ಯಾಗ ಬಯಾಲಜಿ ಹೇಳ್ತಿ, ರಿಪೋರ್ಟ್ ತಗೋಳಾಗ ಬಾಜು ಕುಂದರು ಬಾ ತಂಗಿ" ಅಂತ. ಹೋದೆ.

ಛಲೋ ಇದ್ದದ್ದು ಹೇಳಿಬಿಡ್ತೀನಿ ಮೊದ್ಲು. ಎಸಿ ಛಲೋ ಇತ್ತು, ಮೇ ತಿಂಗಳ ಕಲಬುರಗಿ ಬಿಸ್ಲಿನ್ಯಾಗ ಹೊರಗಿಂದ ಬಂದವರಿಗಿ ಅದೇ ಅರ್ಧ ಸಮಾಧಾನ. ರಿಸೆಪ್ಷನ್ ಹುಡುಗಿ ಭಾಳ ಮರ್ಯಾದಿಲೆ ಮಾತಾಡಿದ್ಳು, ನೀರು ಕೊಟ್ಟಳು. ಟೆಸ್ಟಿಗಿ ನೋವಿಲ್ಲ ಏನಿಲ್ಲ, ಸಣ್ಣ ಸ್ಕ್ಯಾನರ್ ಮ್ಯಾಲ ಒಂದೊಂದೇ ಬೆರಳು ಮೂರು ಕಡಿಯಿಂದ ಒತ್ತಸ್ತಾರ, ಅಂಗೈ ಒಂದ್ ಫೋಟೋ ತಗೋತಾರ, ಅದರಾಗ ಎಟಿಡಿ ಆ್ಯಂಗಲ್ ಅಂತ, ಅಂಗೈ ಗೆರಿ ಕೂಡೋ ಮೂರು ಜಾಗದ ನಡುವಿನ ಕೋನ, ಒಂದು ಅಳೀತಾರ, ಮುಗೀತು. ಪಾರ್ಕಿಂಗ್ ಇಲ್ಲ, ಲಿಫ್ಟ್ ಇಲ್ಲ.

ರಿಪೋರ್ಟ್ ನೋಡಿದ್ರ ಮದಿವಿ ಆಲ್ಬಮ್ ಇದ್ದಂಗ ಅದ. ಬಣ್ಣ ಬಣ್ಣದ ಪಾನು, ಪೈ ಚಾರ್ಟು. ಎಡ ಬ್ರೇನ್ ಇಷ್ಟು ಪರ್ಸೆಂಟ್, ಬಲ ಬ್ರೇನ್ ಇಷ್ಟು ಪರ್ಸೆಂಟ್, ಅದೂ ಪಾಯಿಂಟ್ ಹಾಕಿ ಎರಡು ಅಂಕಿ ತನಕ. ಆಮ್ಯಾಲ ಪಕ್ಷಿ. ಮನುಷ್ಯರು ನಾಕು ನಮೂನಿ ಅಂತ, ಗೂಬಿ, ನವಿಲು, ಹದ್ದು, ಪಾರಿವಾಳ. ನಮ್ ಹುಡುಗ ಪಾರಿವಾಳ ಬಂದಾನ. ಪಾರಿವಾಳ ಅಂದ್ರ ಶಾಂತ ಸ್ವಭಾವ, ಜಗಳ ಆಡಂಗಿಲ್ಲ, ದೊಡ್ಡವರ ಮಾತು ಕೇಳ್ತದ ಅಂತ ಬರ್ದಾರ, ಓದಾಕತ್ತಿದಾಗ ನಮ್ಮಕ್ಕ ಮಗನ ಮಾರಿ ನೋಡಿದ್ಳು, ಮಗ ಫ್ಯಾನ್ ನೋಡಿದ. ಕರಿಯರ್ ಪಾನಿನ್ಯಾಗ ಇಂಜಿನಿಯರ್, ವಕೀಲ, ಮ್ಯಾನೇಜರ್, ಐಎಎಸ್, ಮ್ಯೂಸಿಕ್, ಕೃಷಿ, ಎಲ್ಲಾ ಅದ. ಇಷ್ಟು ಹೇಳಾಕ ಬೆರಳು ಯಾಕ ಬೇಕಿತ್ತು?

ಈಗ ಅಸಲಿ ವಿಷಯಕ್ಕ ಬರ್ತೀನಿ. ಅಲ್ಲಿನ ಕೌನ್ಸೆಲರ್ ಸರ್ ಶುರುವಿನ್ಯಾಗ ಒಂದ್ ಲ್ಯಾಪ್‌ಟಾಪ್ ತೆಗೆದು ಟೀನೇಜ್ ಬ್ರೇನ್ ಬಗ್ಗೆ ಹತ್ತು ನಿಮಿಷ ಹೇಳಿದ್ರು, ಈ ವಯಸ್ಸಿನ್ಯಾಗ ಮೆದುಳು ಇನ್ನಾ ಕಟ್ಟಾಕತ್ತಿರ್ತದ, 25 ವರ್ಷದ ತನಕ ಪೂರಾ ಆಗಂಗಿಲ್ಲ, ಅದಕ್ಕ ಮಕ್ಕಳು ಹಿಂಗ ಮಾಡ್ತಾರ ಅಂದ್ರು. ಸರಿ. ಅದರ ಮುಂದಿನ ಸ್ಲೈಡಿನ್ಯಾಗ ಬೆರಳಚ್ಚು ಹುಟ್ಟೋದ್ರಿಂದ ಸಾಯೋ ತನಕ ಬದಲಾಗಂಗಿಲ್ಲ, ಹಂಗಾಗಿ ಈ ರಿಪೋರ್ಟ್ ಜೀವನಪೂರ್ತಿ ವ್ಯಾಲಿಡ್ ಅಂದ್ರು. ಬದಲಾಗಲಾರದ ಗೆರಿ ನೋಡಿ, ಇನ್ನಾ ಬದಲಾಗಾಕತ್ತಿರೋ ಮೆದುಳಿನ ಬಗ್ಗೆ ಜೀವನಪೂರ್ತಿ ವ್ಯಾಲಿಡ್ ರಿಪೋರ್ಟ್ ಹೆಂಗ ಕೊಡ್ತೀರಿ ಸರ್, ನಿಮ್ಮ ಮೊದಲ್ನೇ ಸ್ಲೈಡು ಖರೆ ಇದ್ರ ಎರಡನೇದು ಸುಳ್ಳಾಗ್ಬೇಕಲ್ಲ ಅಂತ ಕೇಳ್ದೆ. "ಮೇಡಂ ಇದು ಪೇಟೆಂಟೆಡ್ ಸಾಫ್ಟ್‌ವೇರ್" ಅಂದ್ರು. ಇದಕ್ಕೂ ಅದಕ್ಕೂ ಏನ್ ಸಂಬಂಧ ಇವತ್ತಿನ ತನಕ ನನಗ ಹತ್ತಿಲ್ಲ.

ಬೆರಳಿನ ಗೆರಿ ಮೂಡೋದು ತಾಯಿ ಹೊಟ್ಟ್ಯಾಗ ಮೂರನೇ ತಿಂಗಳ ಸುಮಾರಿಗಿ, ಆರನೇ ತಿಂಗಳ ಹೊತ್ತಿಗಿ ನಮೂನಿ ಪಕ್ಕಾ ಆಗಿಬಿಡ್ತದ. ಅದಕ್ಕೇ ಪೊಲೀಸರು ಅದನ್ನ ನಂಬೋದು, 1897ರಾಗ ಕಲ್ಕತ್ತಾದಾಗ ಜಗತ್ತಿನ ಮೊದಲ್ನೇ ಬೆರಳಚ್ಚು ಬ್ಯೂರೋ ಶುರುವಾಗಿದ್ದೂ ಅದರ ಮ್ಯಾಲೇ, ಅದರ ಹಿಂದ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನೋ ಇಬ್ಬರು ನಮ್ಮ ದೇಶದ ಸಬ್ ಇನ್ಸ್‌ಪೆಕ್ಟರ್‌ಗಳ ಲೆಕ್ಕ ಇತ್ತು. ಯಾರಂತ ಗುರುತು ಹಿಡ್ಯಾಕ ಬೆರಳು ಬೆಸ್ಟ್. ಹೆಂಗ ಅದಾನ ಅಂತ ಹೇಳಾಕ ಅಲ್ಲ. ಡೌನ್ ಸಿಂಡ್ರೋಮ್‌ನಂಥ ಕ್ರೋಮೋಸೋಮ್ ತೊಂದ್ರಿ ಇದ್ದ ಮಕ್ಕಳ ಅಂಗೈ ಗೆರಿ ಬ್ಯಾರೆ ನಮೂನಿ ಇರೋದು ಹೆಚ್ಚು, ಡಾಕ್ಟರ್ರು ಅದನ್ನ ಗಮನಸ್ತಾರ, ಅದು ಖರೆ ವಿಜ್ಞಾನ, ಚರ್ಮದ ಗೆರಿ ಓದೋ ಈ ವಿದ್ಯಾಕ್ಕ 1926ರಾಗ ಹೆರಾಲ್ಡ್ ಕಮಿನ್ಸ್ ಅನ್ನೋ ವಿಜ್ಞಾನಿ ಡರ್ಮಟೋಗ್ಲಿಫಿಕ್ಸ್ ಅಂತ ಹೆಸರಿಟ್ಟ. ಆ ಹೆಸರನ್ನ ಮತ್ತ 1983ರಾಗ ಹೋವರ್ಡ್ ಗಾರ್ಡ್ನರ್ ಅನ್ನೋ ಮನಶ್ಶಾಸ್ತ್ರಜ್ಞ ಹೇಳಿದ, ಬುದ್ಧಿ ಒಂದಲ್ಲ ಹಲವು ನಮೂನಿ ಅನ್ನೋ ಬಹುಮುಖ ಬುದ್ಧಿ (ಮಲ್ಟಿಪಲ್ ಇಂಟೆಲಿಜೆನ್ಸ್) ಥಿಯರಿನ ಒಟ್ಟಿಗಿ ಹೊಲದು ಈ ಅಂಗಿ ಮಾಡ್ಯಾರ. ಗಾರ್ಡ್ನರ್ ಥಿಯರಿದಾಗ ಬೆರಳಚ್ಚಿನ ಮಾತೇ ಇಲ್ಲ. ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿನೂ ಈ ಟೆಸ್ಟಿಗಿ ವೈಜ್ಞಾನಿಕ ಆಧಾರ ಇಲ್ಲಂತ ಹೇಳ್ಯದ.

ಸೆಂಟರಿನವರ ದೊಡ್ಡ ಪಾಯಿಂಟ್ ಏನಂದ್ರ ಭ್ರೂಣದಾಗ ಚರ್ಮ ಮತ್ತ ಮೆದುಳು ಎರಡೂ ಒಂದೇ ಪದರದಿಂದ ಬರ್ತಾವ, ಎಕ್ಟೋಡರ್ಮ್, ಹಂಗಾಗಿ ಒಂದನ್ನ ನೋಡಿ ಇನ್ನೊಂದು ಹೇಳಬಹುದು. ಪದರದ ಮಾತು ಬರೋಬ್ಬರಿ, ನಾನೇ ಕ್ಲಾಸಿನ್ಯಾಗ ಹೇಳ್ತೀನಿ. ಆದ್ರ ಕೂದಲು, ಉಗುರು, ಹಲ್ಲಿನ ಎನಾಮೆಲ್, ಅವೂ ಅದೇ ಪದರದಿಂದ ಬಂದಾವಲ್ಲ, ಹಂಗಾದ್ರ ಸೂಪರ್ ಮಾರ್ಕೆಟ್ ಕಡಿ ಯಾವ್ದಾರ ಕಟಿಂಗ್ ಅಂಗಡಿಗಿ ಹೋಗಿದ್ರ ನೂರು ರೂಪಾಯಿದಾಗ ಕೂದಲೂ ಹೋಗ್ತಿತ್ತು, ಬ್ರೇನ್ ರಿಪೋರ್ಟೂ ಬರ್ತಿತ್ತು.

ಎಡ ಬ್ರೇನ್ ಬಲ ಬ್ರೇನ್ ಪರ್ಸೆಂಟಿನ ಬಗ್ಗೆನೂ ಒಂದ್ ಮಾತು. ರೋಜರ್ ಸ್ಪೆರಿಗಿ 1981ರಾಗ ನೊಬೆಲ್ ಬಂದಿದ್ದು ಎಡ ಬಲ ಅರ್ಧಗಳು ಬ್ಯಾರೆ ಬ್ಯಾರೆ ಕೆಲಸ ಮಾಡ್ತಾವ ಅಂತ ತೋರ್ಸಿದ್ದಕ್ಕ, ಅದರಾಗ ತಕರಾರಿಲ್ಲ. ಆದ್ರ ಇವ ಎಡ ಬ್ರೇನಿನ ಮನುಷ್ಯ, ಇವ ಬಲ ಬ್ರೇನಿನವ ಅಂತ ಮಂದಿನ ವಿಂಗಡಿಸಬಹುದಾ ಅಂತ ಅಮೆರಿಕದ ಯೂಟಾ ಯೂನಿವರ್ಸಿಟಿದವರು 2013ರಾಗ 7ರಿಂದ 29 ವರ್ಷದ 1,011 ಮಂದಿ ಸ್ಕ್ಯಾನ್ ನೋಡಿದ್ರು, ಹಂಗ ಒಂದು ಕಡಿ ಪೂರಾ ಜೋರಿರೋ ಮಂದಿ ಸಿಗಲಿಲ್ಲ. ಮೆದುಳಿನ ಸ್ಕ್ಯಾನೇ ನೋಡಿ ಸಿಗಲಾರದ್ದು ಹೆಬ್ಬೆಟ್ಟಿನ್ಯಾಗ ಸಿಗ್ತದಂತ.

ಬ್ಯಾಸರ ಏನಂದ್ರ, ಆ ಸರ್ ಹತ್ತು ನಿಮಿಷ ಹೇಳಿದ ಮೊದಲ್ನೇ ಭಾಗದಾಗೇ ನಮ್ಮಕ್ಕಗ ಬೇಕಾದ ಉತ್ತರ ಇತ್ತು, ಅದನ್ನ ಅವರು ಮುಂದ ಬೆಳೆಸಲೇ ಇಲ್ಲ, ಮಾರಾಟದ ಪೀಠಿಕಿ ಮಾಡ್ಕೊಂಡು ಬಿಟ್ಟುಬಿಟ್ರು. ರಿಪೋರ್ಟ್ ತಗೊಂಡು ಬಂದು ಮನಿದಾಗ ಚಾ ಕುಡಕೋತ ನಾನೇ ಹೇಳಿದೆ, ಅದನ್ನೇ ಇಲ್ಲಿ ಬರೀತೀನಿ, ಆರೂವರಿ ಸಾವಿರ ಉಳಿಯೋರು ಯಾರಾರ ಇದ್ರ ಉಳೀಲಿ.

ಮೆದುಳಿನ ಗಾತ್ರ ಆರು ವರ್ಷಕ್ಕೇ ದೊಡ್ಡವರ ಸಮೀಪ ಬಂದಿರ್ತದ, ಹಂಗಾಗಿ ಹಿಂದೆಲ್ಲಾ ಅಲ್ಲಿಗೇ ಕೆಲಸ ಮುಗೀತು ಅಂತ ತಿಳ್ಕೊಂಡಿದ್ರು. 1979ರಾಗ ಶಿಕಾಗೋದ ಪೀಟರ್ ಹಟನ್‌ಲಾಕರ್ ಸತ್ತವರ ಮೆದುಳಿನ ಚೂರು ಮೈಕ್ರೋಸ್ಕೋಪಿನ್ಯಾಗ ಇಟ್ಟು ನರಕೋಶಗಳ ನಡುವಿನ ಕೂಡುಜಾಗ, ಸಿನಾಪ್ಸ್, ಎಣಿಸಿದ. ಹಣಿ ಹಿಂದಿನ ಭಾಗದಾಗ ಸಣ್ಣ ಮಕ್ಕಳಿಗಿ ದೊಡ್ಡವರಿಗಿಂತ ಎಷ್ಟೋ ಹೆಚ್ಚು ಇದ್ದವು, ಹರೇ ಬಂದಂಗ ಕಡಿಮಿ ಆಗ್ತಾ ಹೋಗಿದ್ವು. ಅಂದ್ರ ಈ ವಯಸ್ಸಿನ್ಯಾಗ ಮೆದುಳು ಬೆಳಿಯೋದು ಬರೇ ಕೂಡ್ಸಿ ಅಲ್ಲ, ತಗದೂ. ತೊಗರಿ ಹೊಲದಾಗ ಒತ್ತೊತ್ತಾಗಿ ಎದ್ದ ಸಸಿ ಕಿತ್ತು ಉಳಿದವಕ್ಕ ಜಾಗ ಮಾಡ್ತೀವಲ್ಲ, ಆ ಲೆಕ್ಕ. ಯಾವ ದಾರಿ ದಿನಾ ಬಳಸ್ತದೋ ಅದು ಉಳೀತದ, ಅದರ ಮ್ಯಾಲ ಮಯಲಿನ್ ಅಂತ ಕೊಬ್ಬಿನ ಪದರ ಬಂದು ಸುದ್ದಿ ಜಲ್ದಿ ಹೋಗ್ತದ. 1999ರಾಗ ಅಮೆರಿಕದ ಜೇ ಗೀಡ್ ಅವರ ತಂಡ ಅದೇ ಅದೇ ಮಕ್ಕಳನ್ನ ಮತ್ತ ಮತ್ತ ಎಂಆರ್‌ಐ ಮಾಡಿ ನೋಡ್ದಾಗ, ಮುಂದಿನ ಭಾಗದ ಬೂದು ಪದಾರ್ಥ (ಗ್ರೇ ಮ್ಯಾಟರ್, ನರಕೋಶ ತುಂಬಿರೋ ಪದರ) ಹುಡುಗ್ಯಾರಿಗಿ 11ರ ಸುಮಾರಿಗಿ, ಹುಡುಗ್ರಿಗಿ 12ರ ಸುಮಾರಿಗಿ ತುದಿ ಮುಟ್ಟಿ ಆಮ್ಯಾಲ ಇಳೀತದ ಅಂತ ಕಂಡ್ತು. ಕಟ್ಟಕಡೀಗಿ ತಯಾರಾಗೋದು ಅದೇ ಮುಂದಿನ ಭಾಗ, ಮುಂದಿನದು ವಿಚಾರ ಮಾಡೋದು, ಕೈ ತಡಿಯೋದು, ಪ್ಲಾನ್ ಹಾಕೋದು ಅದರ ಕೆಲಸ. ಖುಷಿ, ಹುರುಪು, ಸಿಟ್ಟಿನ ಭಾಗ ಮೊದ್ಲೇ ಜೋರಾಗಿಬಿಟ್ಟಿರ್ತದ.

25ರ ಮಾತು ಮಾತ್ರ ಎಲ್ಲಾರೂ ಹೇಳ್ತಾರಂತ ನಂಬಬ್ಯಾಡ್ರಿ. 25ನೇ ಬರ್ತ್‌ಡೇ ದಿನ ಮೆದುಳಿನ್ಯಾಗ ಗಂಟಿ ಏನ್ ಹೊಡಿಯಂಗಿಲ್ಲ. ಕೆಲವು ಭಾಗ ಮೊದ್ಲು, ಕೆಲವು ಆಮ್ಯಾಲ, ಒಬ್ಬೊಬ್ಬರಿಗಿ ಒಂದೊಂದು ನಮೂನಿ, ಗ್ರಾಫು ಅಂದ್ರ ಸರಾಸರಿ. ಎಂಆರ್‌ಐ ಮಾಡಿದ್ರೂ ಈ ಒಬ್ಬ ಹುಡುಗ ಎಷ್ಟು ಬಲಿತಾನ ಅಂತ ಯಾವ ಡಾಕ್ಟರೂ ಹೇಳಾಕಾಗಂಗಿಲ್ಲ.

ನಿದ್ದಿ. ಇದನ್ನ ಆ ಸೆಂಟರಿನ್ಯಾಗ ಯಾರೂ ಕೇಳಲೇ ಇಲ್ಲ, ಮಗ ಎಷ್ಟಕ್ಕ ಮಲಗ್ತಾನ ಅಂತ ಒಂದ್ ಪ್ರಶ್ನೆ ಇಲ್ಲ, ನನಗ ಸಿಟ್ಟು ಬಂದಿದ್ದು ಅದಕ್ಕ. ಹರೇದಾಗ ಮೆಲಟೋನಿನ್ ಅನ್ನೋ ನಿದ್ದಿ ಹಾರ್ಮೋನು ರಾತ್ರಿ ಏರೋದೇ ತಡ ಆಗ್ತದ, ಮೇರಿ ಕಾರ್ಸ್‌ಕಡನ್ ಅನ್ನೋ ವಿಜ್ಞಾನಿ ವರ್ಷಗಟ್ಲೆ ಇದನ್ನೇ ತೋರ್ಸ್ಯಾರ, ಸಣ್ಣವರಿದ್ದಾಗಿಂತ ಒಂದೆರಡು ತಾಸು ಹಿಂದ ಸರೀತದ. ಮೊಬೈಲ್ ಇದನ್ನ ಇನ್ನಾ ಕೆಡಸ್ತದ ಖರೆ, ಆದ್ರ ಮೊಬೈಲ್ ಕಸ್ಕೊಂಡ್ರೂ ಒಂಬತ್ತಕ್ಕ ನಿದ್ದಿ ಹತ್ತಂಗಿಲ್ಲ. 13ರಿಂದ 18ರ ಮಕ್ಕಳಿಗಿ 8ರಿಂದ 10 ತಾಸು ನಿದ್ದಿ ಬೇಕಂತ ಅಮೆರಿಕದ ನಿದ್ರಾ ವೈದ್ಯರ ಸಂಘ 2016ರಾಗ ಹೇಳ್ಯದ. ಕ್ಯಾಲಿಫೋರ್ನಿಯಾದಾಗ ಹೈಸ್ಕೂಲು ಎಂಟೂವರಿಗಿಂತ ಮೊದ್ಲು ಶುರು ಮಾಡಬಾರದು ಅಂತ ಕಾನೂನೇ ಬಂದು 2022ರಿಂದ ಚಾಲೂ ಅದ. ನಮ್ ಊರಾಗ ಐದೂವರಿ ಬ್ಯಾಚು, ಮಗ ಒಂದಕ್ಕ ಮಲಗಿ ಐದಕ್ಕ ಎದ್ರ ನಾಕ್ ತಾಸು. ನಾಕ್ ತಾಸು ಮಲಗಿದ ಮನುಷ್ಯ ಯಾವ ವಯಸ್ಸಿನವ ಇದ್ರೂ ಬಾಗಿಲ ಧಡ್ ಅಂತ ಹಾಕ್ತಾನ, ಅದಕ್ಕ ಪಾರಿವಾಳನೂ ಬ್ಯಾಡ ಹದ್ದೂ ಬ್ಯಾಡ. ಬಿಸ್ಲಿನ ಊರಾಗ ಮುಂಜಾನಿ ತಂಪಿನ್ಯಾಗ ಕ್ಲಾಸ್ ಇಡ್ತಾರ, ಆ ಕಷ್ಟ ನನಗೂ ಗೊತ್ತದ, ಬ್ಯಾಸಿಗ್ಯಾಗ ನಮ್ ಕಾಲೇಜಿನ ಹುಡುಗ್ರೂ ಮಧ್ಯಾಹ್ನ ಬೆಂದು ಹೋಗ್ತಾರ. ಆದ್ರ ಸಂಜಿ ಆರರ ಮ್ಯಾಲ ಬ್ಯಾಚ್ ಅದಾವ. ಅಕ್ಕ ಅಲ್ಲಿಗಿ ಬದಲಾಯಿಸ್ಯಾಳ.

ಎರಡನೇದು ದೋಸ್ತರು. ಒಬ್ಬನೇ ಇದ್ದಾಗ ಶಾಣ್ಯಾ, ನಾಕ್ ಮಂದಿ ಕೂಡಿದ್ರ ಹುಚ್ಚ, ಹಿಂಗ ಯಾಕ ಅಂತ ಮಾಮಾ ಕೇಳಿದ್ರು, ಅಂದ್ರ ಹುಡುಗನ ಅಪ್ಪ. 2005ರಾಗ ಮಾರ್ಗೊ ಗಾರ್ಡ್ನರ್, ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನೋರು (ಈ ಗಾರ್ಡ್ನರ್ ಬ್ಯಾರೆ, ಮ್ಯಾಲಿನವರಲ್ಲ) ಇದನ್ನೇ ಅಳದ್ರು, ಕಂಪ್ಯೂಟರಿನ್ಯಾಗ ಕಾರ್ ಓಡ್ಸೋ ಆಟ, ಸಿಗ್ನಲ್ ಹಳದಿ ಆದ ಮ್ಯಾಲ ಎಷ್ಟು ದೂರ ಓಡಸ್ತಿ ನೋಡೂಣು ಅಂತ. 13ರಿಂದ 16ರ ಮಕ್ಕಳು ಬಾಜು ದೋಸ್ತರು ಇದ್ದಾಗ ಒಬ್ಬರೇ ಇದ್ದದ್ದಕ್ಕಿಂತ ಭಾಳ ಹೆಚ್ಚು ರಿಸ್ಕ್ ತಗೊಂಡ್ರು, 24 ದಾಟಿದವರಿಗಿ ಯಾರಿದ್ರೂ ಅಷ್ಟೇ, ಫರಕ್ ಬೀಳಲಿಲ್ಲ. ಗಮನಿಸ್ರಿ, ಗೊತ್ತಿಲ್ಲಂತ ಮಾಡಂಗಿಲ್ಲ ಇವರು. ತಣ್ಣಗ ಕುಂದ್ರಿಸಿ ಕೇಳಿದ್ರ 16ರ ಹುಡುಗ್ರು ದೊಡ್ಡವರಷ್ಟೇ ಬರೋಬ್ಬರಿ ವಿಚಾರ ಮಾಡ್ತಾರ. ಹಿಂಗಾಗಿ ಸ್ಕೂಟಿ ಕೊಡಬ್ಯಾಡ ಅಂದೆ, ರಿಂಗ್ ರೋಡಿನ್ಯಾಗ ಮೂರು ಮಂದಿ ಕುಂತು ಹೋಗೋದು ನಾನೇ ನೋಡೀನಿ, ಬುದ್ಧಿ ಹೇಳೋದ್ರಾಗ ಅರ್ಥ ಇಲ್ಲ, ಬುದ್ಧಿ ಅವನಿಗಿ ಅದ, ಆ ಹೊತ್ತಿನ್ಯಾಗ ಕೈಗಿ ಸಿಗಂಗಿಲ್ಲ ಅಷ್ಟೇ. 2019ರ ಮೋಟಾರು ಕಾಯ್ದೆ ತಿದ್ದುಪಡಿ ಪ್ರಕಾರ ಸಣ್ಣವರು ಗಾಡಿ ಓಡ್ಸಿ ಸಿಕ್ರ ಪಾಲಕರಿಗಿ 25,000 ದಂಡ, ಮೂರು ವರ್ಷದ ತನಕ ಜೈಲು ಅಂದಾಗ ಮಾಮಾ ಚಾವಿ ಕಪಾಟಿನ್ಯಾಗ ಇಟ್ಟರು. ಮೆದುಳಿಗಿಂತ ದಂಡ ಜಲ್ದಿ ತಿಳೀತು.

ಇಷ್ಟು ಹೊತ್ತು ಸುಮ್ಮ ಕುಂತಿದ್ದ ನಮ್ಮವ್ವ ಒಂದ್ ಮಾತು ಅಂದ್ಳು. ಆಕಿಗಿ 14ಕ್ಕ ಲಗ್ನ ಆಗಿದ್ದು, ಆಳಂದ ಕಡಿ ಹಳ್ಳಿ. "ನಮಗ ಹರೇ ಬಂದಿದ್ದು ಯಾರಿಗಿ ಗೊತ್ತಾಯ್ತು, ಒಲಿ ಮುಂದ ಬಂತು, ಒಲಿ ಮುಂದೇ ಹೋಯ್ತು. ನಮಗೇನು ಮೆದುಳು ಇರ್ಲಿಲ್ಲೇನು?" ಇದಕ್ಕ ನನ್ನ ಕಡಿ ಗಡಬಡಿ ಉತ್ತರ ಇರ್ಲಿಲ್ಲ. ಇತ್ತವ್ವ, ಮೆದುಳಿನ್ಯಾಗ ಆಗೋದೆಲ್ಲಾ ನಿನಗೂ ಆಗ್ಯದ, ಆದ್ರ ಆ ವರ್ಷ ನಿನಗ ಯಾರೂ ಬಿಟ್ಟುಕೊಡ್ಲಿಲ್ಲ. 13ರಿಂದ 19 ಅಂದ್ರ ಒಂದು ಬ್ಯಾರೆನೇ ಜಾತಿ ಮಂದಿ, ಅವರಿಗಿ ಬ್ಯಾರೆ ಬಟ್ಟಿ ಬ್ಯಾರೆ ಹಾಡು ಬ್ಯಾರೆ ಮಾರ್ಕೆಟ್ಟು ಅನ್ನೋದು ಹೈಸ್ಕೂಲು ಎಲ್ಲಾರಿಗಿ ಬಂದ ಮ್ಯಾಲ, ದುಡಿಯೋ ವಯಸ್ಸು ಮುಂದಕ್ಕ ಹೋದ ಮ್ಯಾಲ ಹುಟ್ಟಿದ ವಿಚಾರ. 1904ರಾಗ ಅಮೆರಿಕದ ಸ್ಟ್ಯಾನ್ಲಿ ಹಾಲ್ ಈ ವಯಸ್ಸು ಅಂದ್ರ ಬಿರುಗಾಳಿ ಅಂತ ದಪ್ಪನ್ನ ಎರಡು ಸಂಪುಟ ಬರ್ದ, 1928ರಾಗ ಮಾರ್ಗರೆಟ್ ಮೀಡ್ ಸಮೋವಾ ದ್ವೀಪದ ಹುಡುಗ್ಯಾರನ್ನ ನೋಡಿ ಬಂದು ಇಲ್ಲಪ, ಅಲ್ಲಿ ಅಂಥ ಬಿರುಗಾಳಿ ಕಾಣ್ಲಿಲ್ಲ ಅಂದ್ಳು, ಆಕಿ ಹೇಳಿದ್ದು ಬರೋಬ್ಬರಿ ಅದನೋ ಇಲ್ಲೋ ಅಂತ ಜಗಳ ಇನ್ನಾ ನಡದದ. ನಮ್ಮ ದೇಶದಾಗ ಹುಡುಗ್ಯಾರ ಲಗ್ನದ ವಯಸ್ಸು 18 ಆಗಿದ್ದು 1978ರಾಗ, ಓಟು 21ರಿಂದ 18ಕ್ಕ ಇಳಿದಿದ್ದು 1989ರಾಗ, ಈ ಗೆರಿ ಯಾವ್ದೂ ಮೆದುಳು ನೋಡಿ ಎಳೆದದ್ದಲ್ಲ. ನಮ್ ಕಡಿ ಹಳ್ಳ್ಯಾಗ ಈಗೂ 10ನೇ ಫೇಲ್ ಆದ ಹುಡುಗಿಗಿ ಹರೇ ಮುಗಿದಂಗೇ, ಮರುವರ್ಷ ಲಗ್ನದ ಮಾತು. ಹಂಗಾಗಿ ಈ ಟೀನೇಜ್ ಬ್ರೇನ್ ಅಂತ ಮಾರೋರು ಯಾರಿಗಿ ಮಾರ್ತಾರ ಅಂದ್ರ, ಹರೇ ಅನ್ನೋದು ಸಿಕ್ಕಿರೋ ಮನಿಗಿ, ಟ್ಯೂಷನ್ ಫೀಸು ಕಟ್ಟೋ ಮನಿಗಿ. ಅವ್ವ ಅದನ್ನ ಒಂದೇ ಮಾತಿನ್ಯಾಗ ಹಿಡದಿದ್ಳು.

ಆ ಸೆಂಟರಿನ ಬಗ್ಗೆ ಇನ್ನೊಂದು ಗಂಭೀರ ತಕರಾರು. ಹತ್ತೂ ಬೆರಳಿನ ಅಚ್ಚು, ಅದೂ ಸಣ್ಣ ಹುಡುಗಂದು, ಖಾಸಗಿ ಲ್ಯಾಪ್‌ಟಾಪಿನ್ಯಾಗ ಹೋಗ್ತದ. ಎಲ್ಲಿ ಇಡ್ತೀರಿ, ಎಷ್ಟು ವರ್ಷ ಇಡ್ತೀರಿ, ಅಳಸ್ತೀರೇನು ಅಂದೆ. ಹೆಡ್ ಆಫೀಸಿಗಿ ಕಳಸ್ತೀವಿ, ಸೇಫ್ ಇರ್ತದ ಮೇಡಂ ಅಂದ್ರು. ಒಪ್ಪಿಗಿ ಫಾರ್ಮ್ ಅಂತ ಏನೂ ಸಹಿ ಮಾಡ್ಸಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆದಾಗ 18ರ ಒಳಗಿನವರ ಡೇಟಾಕ್ಕ ಪಾಲಕರ ಪಕ್ಕಾ ಒಪ್ಪಿಗಿ ಬೇಕಂತ ಅದ. ಪಾಸ್‌ವರ್ಡ್ ಹೋದ್ರ ಬದಲಾಯಿಸಬಹುದು, ಆಧಾರ್‌ಗಿ ಕೊಟ್ಟಿರೋ ಬೆರಳು ಬದಲಾಯಿಸಾಕ ಬರ್ತದೇನು?

ಇಷ್ಟೆಲ್ಲಾ ಬೈದ ಮ್ಯಾಲ ಒಂದ್ ಸ್ಟಾರ್ ಯಾಕ ಕೊಟ್ಟೆ ಅಂದ್ರ, ರಿಪೋರ್ಟ್ ಓದೋ ನೆಪದಾಗ ಆ ಸರ್ ಹುಡುಗನ್ನ ಒಬ್ಬನ್ನೇ ಕುಂದ್ರಿಸ್ಕೊಂಡು ಮಾತಾಡ್ಸಿದ್ರು. ಹೊರಗ ಬಂದು ಅವ "ಮೌಶಿ, ನನಗ ಮ್ಯಾಥ್ಸ್ ಬರಂಗಿಲ್ಲಂತಲ್ಲ, ಆ ಟ್ಯೂಷನ್ ಸರ್ ಎಲ್ಲಾರ ಮುಂದ ನಗ್ತಾರ, ಅದಕ್ಕ ಹೋಗ್ಬೇಕಂತ ಅನಸಂಗಿಲ್ಲ" ಅಂದ. ಮನಿ ಮಂದಿಗಿ ಇದು ಗೊತ್ತೇ ಇರ್ಲಿಲ್ಲ. ಈ ವಯಸ್ಸಿನ್ಯಾಗ ಓರಿಗಿಯವರ ಮುಂದ ಮಾನ ಹೋಗೋದು ಅಂದ್ರ ಸಣ್ಣ ಮಾತಲ್ಲ, ಹೊಡತಕ್ಕಿಂತ ಜೋರು ಹತ್ತತದ. ಅವನ ಬಾಯಿ ಬಿಡ್ಸಿದ್ದಕ್ಕ ಆ ಸರ್‌ಗಿ ಶರಣು, ಅದಕ್ಕ ಸ್ಕ್ಯಾನರ್ ಬೇಕಿರ್ಲಿಲ್ಲ.

ಮಾತಾಡ್ಸೋರೇ ಬೇಕಂದ್ರ ಪುಕ್ಕಟೆ ಅದಾರ. ಸರ್ಕಾರಿ ದವಾಖಾನಿದಾಗ ಸ್ನೇಹ ಕ್ಲಿನಿಕ್ ಅಂತ ಹದಿಹರೇದ ಮಕ್ಕಳಿಗೇ ಇರ್ತದ, 10ರಿಂದ 19ರ ತನಕ, 2014ರಾಗ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ್ದು. ಟೆಲಿ ಮಾನಸ್ ಅಂತ 14416ಕ್ಕ ಫೋನ್ ಹಚ್ಚಿದ್ರ ಹಗಲು ರಾತ್ರಿ ಕನ್ನಡದಾಗೇ ಮಾತಾಡ್ತಾರ. ಮಗ ಊಟ ಬಿಟ್ಟಾನ, ಮಂದಿ ಕೂಡ ಮಾತು ಬಿಟ್ಟಾನ, ಸಾಯೋ ಮಾತಾಡ್ತಾನ ಅಂದ್ರ ಅದನ್ನ ಹರೇ ಅಂತ ಬಿಡಬ್ಯಾಡ್ರಿ, ಸೀದಾ ಮನೋವೈದ್ಯರ ಕಡಿ ಕರ್ಕೊಂಡ್ ಹೋಗ್ರಿ. ಓದಿಗಿ ಸಂಬಂಧಪಟ್ಟ ತೊಂದ್ರಿ, ಅಕ್ಷರ ಹಿಂದ ಮುಂದ ಆಗೋದು, ಲೆಕ್ಕ ಹತ್ತಲಾರದ್ದು, ಅದನ್ನೂ ಕ್ಲಿನಿಕಲ್ ಸೈಕಾಲಜಿಸ್ಟ್ ಕೂತು ಬರಿಸಿ ಓದ್ಸಿ ಟೆಸ್ಟ್ ಮಾಡ್ತಾರ.

ರಿಫಂಡ್ ಕೇಳಿದ್ವಿ. ರಿಪೋರ್ಟ್ ಜನರೇಟ್ ಆದ ಮ್ಯಾಲ ರಿಫಂಡ್ ಇಲ್ಲಂತ, ಬೇಕಂದ್ರ ಹುಡುಗನ ತಂಗಿಗಿ ಅರ್ಧ ರೇಟಿನ್ಯಾಗ ಮಾಡ್ಕೊಡ್ತೀವಿ ಅಂದ್ರು. ಆಕಿ ಇನ್ನಾ ಎಲ್‌ಕೆಜಿ.